ಕುದುರೆಮೆಂತೆಯ ಕೋಟೆ

"ಇದು ಹೊದಿಕೆ ಅಲ್ಲ ಎಲ್‌ರಾಯ್, ಇದು ಊಟ," ಅಂದ ಪಕ್ಕದ ಗಾಲಿಮನೆಯ ಗಾರ್ಡಿ.

ಎಲ್‌ರಾಯ್ ಸ್ಯಾಂಡ್‌ವಿಕ್ ತನ್ನ ಗಾಲಿಮನೆಯ ಉತ್ತರ ಮಗ್ಗುಲು ನೋಡಿ ಬಾಯಿ ಬಿಟ್ಟುಕೊಂಡು ನಿಂತ. ನಿನ್ನೆ ಸಂಜೆ ಸೊಂಟ ಮುರಿದುಕೊಂಡು ಒಡ್ಡಿದ್ದ ಹುಲ್ಲಿನ ಪೆಂಡಿಗಳಲ್ಲಿ ಬಾಗಿಲಿನಷ್ಟು ಅಗಲದ ಕಿಂಡಿ. ಹಿಮದ ಮೇಲೆ ಜಿಂಕೆಗಳ ಗೊರಸಿನ ಗುರುತು, ಮದುವೆಮನೆಯ ಅಂಗಳದ ಹಾಗೆ.

ನಾರ್ತ್ ಡಕೋಟಾದ ಜನವರಿಯಲ್ಲಿ ಕ್ಯಾಂಪರ್ ಎಂಬ ಈ ಗಾಲಿಮನೆಗಳ ಕೆಳಗೆ ಗಾಳಿ ನುಗ್ಗದಂತೆ ಎಲ್ಲರೂ ಒಣ ಗೋಧಿಹುಲ್ಲು ಒಡ್ಡುತ್ತಾರೆ. ನಲವತ್ತು ವರ್ಷ ಊರವರ ತಲೆಗೂದಲು ಕತ್ತರಿಸಿದ ಎಲ್‌ರಾಯ್‌ಗೆ ಹುಲ್ಲಿನಲ್ಲೂ ಜಾತಿಗಳಿವೆ ಎಂದು ಯಾರೂ ಹೇಳಿರಲಿಲ್ಲ. ಹಸಿರಾಗಿದೆ, ಘಮಘಮ ಅನ್ನುತ್ತದೆ ಎಂದು ದನ ಮೇಯುವ ಕುದುರೆಮೆಂತೆ ತಂದಿದ್ದ.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದ. ಇವತ್ತು ನಾಲ್ಕು ಗಂಟೆಗೆ ಹೆಂಡತಿ ಮಾರ್ಲಿಸ್ ಬರುವವಳಿದ್ದಳು. ಡಿಸೆಂಬರಿನ ಒಂದು ಬೆಳಗ್ಗೆ, ಲೋಟದಲ್ಲಿ ಇಟ್ಟು ಮಲಗಿದ್ದ ಅವಳ ಹಲ್ಲಿನ ಸೆಟ್ಟು ಮಂಜುಗಡ್ಡೆಯ ಒಳಗಿನಿಂದ ಅವಳನ್ನೇ ನೋಡಿ ನಗುತ್ತಿತ್ತು. ಅವಳು ಲೋಟದ ಸಮೇತ ಅಕ್ಕ ಆರ್ಡಿಸ್‌ಳ ಮನೆಗೆ ಹೊರಟುಹೋದಳು. ಕ್ಯಾಂಪರಿನಲ್ಲಿ ಮೇಜಿನ ಮೇಲಿನ ಬೆಣ್ಣೆ ಬ್ರೆಡ್ಡಿಗೆ ಸವರಲು ಬಂದರೆ ಮಾತ್ರ ತಾನು ವಾಪಸು, ಇಲ್ಲದಿದ್ದರೆ ಏಪ್ರಿಲ್‌ವರೆಗೂ ಅಕ್ಕನ ಮನೆಯೇ ಗತಿ ಎಂದು ಫೋನಿನಲ್ಲಿ ಹೇಳಿದ್ದಳು. ಐದು ವಾರದಿಂದ ಡಬ್ಬಿಯ ಸೂಪು ಕುಡಿದು ರೇಡಿಯೋ ಜೊತೆ ಜಗಳವಾಡುತ್ತಿದ್ದ ಎಲ್‌ರಾಯ್‌ಗೆ ಇವತ್ತು ಆ ಬೆಣ್ಣೆಯೇ ದೇವರು. ಬೆಳಗ್ಗೆ ಅದಕ್ಕೆ ಚಾಕು ಹಾಕಿದರೆ ಟಣ್ ಎಂದಿತ್ತು.

ಕಿಂಡಿಯಿಂದ ನುಗ್ಗಿದ ಗಾಳಿಗೆ ನೀರಿನ ಪೈಪೂ ಹೆಪ್ಪುಗಟ್ಟಿತ್ತು. ಎಲ್‌ರಾಯ್ ಕ್ಷೌರದಂಗಡಿ ಮುಚ್ಚಿದಾಗ ಉಳಿಸಿಕೊಂಡಿದ್ದ ಕೂದಲು ಒಣಗಿಸುವ ಯಂತ್ರ ಹಿಡಿದು ಕ್ಯಾಂಪರಿನ ಅಡಿಗೆ ತೆವಳಿದ. ಪೈಪಿಗೆ ಬಿಸಿಗಾಳಿ ಊದುತ್ತಾ, ಹಳೇ ಅಭ್ಯಾಸಕ್ಕೆ, ಈ ವರ್ಷದ ಚಳಿ ಹೇಗಿದೆ ಎಂದು ಅದನ್ನೇ ವಿಚಾರಿಸಿದ.

ಒಂದು ಯಂತ್ರ ಯಾವ ಮೂಲೆಗೂ ಸಾಲದು ಎಂದು ಗಾರ್ಡಿ ತೀರ್ಮಾನಿಸಿದ. ಬೇಡ ಅನ್ನುವುದರೊಳಗೆ ತನ್ನ ಎರಡು ಕರೆಂಟ್ ಹೀಟರುಗಳನ್ನು ತಂದು ಎಲ್‌ರಾಯ್‌ನ ಕರೆಂಟಿನ ತಂತಿಗೇ ಸಿಕ್ಕಿಸಿದ. ಎದುರಿನ ವಿಧವೆ ವರ್ನಾ ಮೂರನೆಯದನ್ನು ತಂದಳು. ಕಂಬದ ಮೇಲೆ ಪಟಾರ್ ಎಂದು ಸದ್ದಾಯಿತು. ಇಡೀ ಸಾಲಿನ ಏಳು ಕ್ಯಾಂಪರುಗಳೂ ಒಮ್ಮೆಲೇ ಕತ್ತಲಾದವು.

ರಿಪೇರಿಯವನು ಬರಲು ಎರಡು ತಾಸು ಎಂದರು. ಸಾಲಿನಲ್ಲಿ ಗ್ಯಾಸ್ ಹೀಟರು ಇದ್ದದ್ದು ಎಲ್‌ರಾಯ್ ಒಬ್ಬನಿಗೇ. ಹತ್ತು ನಿಮಿಷದಲ್ಲಿ ಹನ್ನೊಂದು ಜನ, ಎರಡು ನಾಯಿ, ವರ್ನಾಳ ಮಾಂಸ ಆಲೂಗಡ್ಡೆಯ ಬಿಸಿ ಪಾತ್ರೆ ಎಲ್ಲ ಒಳಗೆ ಬಂದವು. ಗ್ಯಾಸು ಉರಿಯುವಾಗ ಚಾವಣಿಯ ಕಿಂಡಿ ಮುಚ್ಚಬೇಡಿ ಎಂದು ವರ್ನಾ ಎಲ್ಲರನ್ನೂ ಗದರಿದಳು. ಜನ ಉಪ್ಪಿನಕಾಯಿ ಜಾಡಿಯ ನಿಂಬೆಹೋಳುಗಳಂತೆ ಒತ್ತಿಕೊಂಡು ಕೂತರು. ಕೋಟು ಬಿಚ್ಚಿದರು. ಸ್ವೆಟರು ಬಿಚ್ಚಿದರು. ಎಲ್‌ರಾಯ್ ಮೇಜಿನತ್ತ ನೋಡಿದ. ಬೆಣ್ಣೆ ಮೆತ್ತಗೆ ಹೊಳೆಯುತ್ತಿತ್ತು.

ಸರಿಯಾಗಿ ನಾಲ್ಕಕ್ಕೆ ಮಾರ್ಲಿಸ್ ಬಾಗಿಲು ತೆಗೆದಳು, ಹಿಂದೆಯೇ ಆರ್ಡಿಸ್. ಮಾರ್ಲಿಸ್ ಯಾರನ್ನೂ ಮಾತಾಡಿಸದೆ ನೇರ ಬಂದು ಬ್ರೆಡ್ಡಿಗೆ ಬೆಣ್ಣೆ ಸವರಿದಳು. ಚಾಕು ದೋಣಿಯ ಹಾಗೆ ಸಾಗಿತು.

"ನಿಜ ಹೇಳು ಎಲ್‌ರಾಯ್. ದಿನಾ ಹೀಗೇ ಇರುತ್ತಾ?"

ಎಲ್‌ರಾಯ್ ಎದೆ ಉಬ್ಬಿಸಿದ. "ಇವತ್ತು ಸ್ವಲ್ಪ ತಣ್ಣಗೇ ಇದೆ ಅನ್ನಬೇಕು. ಎಷ್ಟೋ ಸಲ ಅಂಗಿ ಬಿಚ್ಚಿ ಮಲಗ್ತೀನಿ."

ಗಾರ್ಡಿ ಬೆವರು ಒರೆಸಿಕೊಂಡು ಹೌದೆಂದು ತಲೆಯಾಡಿಸಿದ. ಅವನ ಹಿಂದೆ ಹತ್ತು ತಲೆಗಳೂ ಆಡಿದವು.

ಮಾರ್ಲಿಸ್ ಅಕ್ಕನ ಕಡೆ ತಿರುಗಿದಳು. "ಇವನು ಏನಾದ್ರೂ ಮಾಡಿ ಬೆಚ್ಚಗೆ ಮಾಡ್ತಾನೆ ಅಂತ ನಾನು ಹೇಳಿರಲಿಲ್ವಾ? ಹಾಗಾದ್ರೆ ಅರಿಜೋನಾ ಬೇಡ ಬಿಡು."

"ಯಾವ ಅರಿಜೋನಾ?" ಅಂದ ಎಲ್‌ರಾಯ್.

"ಅಕ್ಕನ ಮನೆ ಹೀಟರು ಸೋಮವಾರವೇ ಸತ್ತುಹೋಯ್ತು. ಮಾರ್ಚ್‌ವರೆಗೆ ಅಲ್ಲೊಂದು ಮನೆ ನೋಡಿದ್ಲು. ಅಂಗಳದಲ್ಲಿ ಕಿತ್ತಳೆ ಮರ, ಈಜುಕೊಳ. ನೀನು ಇಲ್ಲಿ ಚಳಿಗೆ ನಡುಗ್ತಿದ್ರೆ ನಿನ್ನನ್ನೂ ಕರ್ಕೊಂಡು ಹೋಗೋಣ ಅಂತಾನೇ ಬಂದ್ವಿ. ಇಷ್ಟು ಬೆಚ್ಚಗಿದ್ರೆ ಅಷ್ಟು ದೂರ ಯಾಕೆ? ಅಕ್ಕನೂ ಇಲ್ಲೇ ಇರ್ತಾಳೆ."

ಆರ್ಡಿಸ್ ಆಗಲೇ ಎಲ್‌ರಾಯ್‌ನ ಹಾಸಿಗೆಯ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಳು.

ಆಗ ಹೊರಗೆ ದೀಪಗಳು ಹತ್ತಿಕೊಂಡವು. ಜನ ಎದ್ದರು, ಸ್ವೆಟರು ಕೋಟು ಏರಿಸಿಕೊಂಡರು, ಪಾತ್ರೆ ನಾಯಿಗಳ ಸಮೇತ ಒಬ್ಬೊಬ್ಬರಾಗಿ ಹೊರಟರು. ಹನ್ನೊಂದು ಸಲ ಬಾಗಿಲು ತೆರೆಯಿತು, ಹನ್ನೊಂದು ಸಲ ಗಾಳಿ ಒಳಗೆ ಬಂತು. ಉತ್ತರದ ಗೋಡೆಯಾಚೆ ಏನೋ ಕರಕರ ಅಗಿಯುವ ಸದ್ದು ಮತ್ತೆ ಶುರುವಾಯಿತು.

ಅಕ್ಕನಿಗೊಂದು ಬ್ರೆಡ್ಡು ಸವರಿಕೊಡಲು ಮಾರ್ಲಿಸ್ ಬೆಣ್ಣೆಗೆ ಚಾಕು ಹಾಕಿದಳು. ಟಣ್ ಎಂದಿತು.