ಅರ್ಧ ಮುದ್ದೆಯ ಬೀಗರು

ಆ ಭಾನುವಾರ ನಾಗರಾಜುವಿಗೆ ಬಂದ ಕಷ್ಟಕ್ಕೆಲ್ಲ ಕಾರಣ ಅರ್ಧ ಮುದ್ದೆ. ಅದೂ ಅವನು ಎಲೆಯಲ್ಲಿ ಬಿಟ್ಟ ಅರ್ಧ.

ನಾಗರಾಜು ಮಂಡ್ಯದ ಒಂದು ಕಚೇರಿಯಲ್ಲಿ ಗುಮಾಸ್ತ. ಮೆಟ್ಟಿಲು ಹತ್ತಿದರೆ ಏದುಸಿರು, ಇಳಿದರೆ ಮಂಡಿನೋವು. ತೂಕ ಇಳಿಸಿ ಎಂದು ಡಾಕ್ಟರು ಹೇಳಿದಾಗ ಅವನು ಒಂದೇ ದಿನದಲ್ಲಿ ಎಲ್ಲವನ್ನೂ ಬಿಟ್ಟು, ಮರುದಿನವೇ ಎಲ್ಲವನ್ನೂ ಮತ್ತೆ ಹಿಡಿದಿದ್ದ. ಆಗ ಮಗಳು ದೀಪಿಕ ಉಪಾಯ ಹೇಳಿಕೊಟ್ಟಳು. "ದಿನಾ ಮಾಡೋಕೆ ಆಗೋವಷ್ಟು ಚಿಕ್ಕದನ್ನ ಹಿಡ್ಕೊಳಿ ಅಪ್ಪ. ಅದು ಅಭ್ಯಾಸ ಆದ್ಮೇಲೆ ಇನ್ನೊಂದು."

ಹಾಗೆ ಮೊದಲು ಚಹಾದ ಸಕ್ಕರೆ ಹೋಯಿತು. ಆಮೇಲೆ ಸಂತೆಗೆ ಸ್ಕೂಟರು ಹೋಗುವುದು ನಿಂತಿತು. ಕೊನೆಗೆ, ಬಹಳ ದುಃಖದಿಂದ, ಮುದ್ದೆ ಅರ್ಧವಾಯಿತು. ಫಲ ಬಂದದ್ದು ಕಬ್ಬು ಬೆಳೆದಷ್ಟು ನಿಧಾನವಾಗಿ. ಆದರೂ ಬೆಲ್ಟು ಒಂದು ತೂತು ಒಳಗೆ ಬಂತು. ಕಚೇರಿಯಲ್ಲಿ ಸಾಹೇಬರು ಬೈಯುವಾಗ ಅವನು ಮೇಜಿನ ಕೆಳಗೆ ಆ ತೂತನ್ನು ಮುಟ್ಟಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದ.

ಆ ಭಾನುವಾರ ಮಳವಳ್ಳಿಯಲ್ಲಿ ಗಂಡಿನ ಮನೆ ನೋಡುವ ಶಾಸ್ತ್ರ. ದೀಪಿಕ, ಹುಡುಗ ಪುನೀತ್ ಇಬ್ಬರೂ ಪರಸ್ಪರ ಒಪ್ಪಿಯಾಗಿತ್ತು, ಜಾತಕವೂ ಕೂಡಿತ್ತು. ದೊಡ್ಡವರು ಮನೆ ನೋಡಿ, ಉಂಡು, ಮಾತು ಮುಗಿಸಿ ಬರುವುದಷ್ಟೇ ಬಾಕಿ.

"ಅಪ್ಪ, ಅಲ್ಲೂ ಅರ್ಧಾನೇ. ಮರೀಬೇಡಿ," ಎಂದಳು ದೀಪಿಕ ಬಾಗಿಲಲ್ಲಿ.

ಬಸ್ಸು ಹತ್ತುತ್ತಲೇ ಹೆಂಡತಿ ಶಿವನಂಜಮ್ಮ ಕಿವಿಯಲ್ಲಿ ಹೇಳಿದಳು, "ಬೀಗ್ರ ಮನೇಲಿ ಮುದ್ದೆ ಬುಟ್ಟು ಎದ್ದೀರಾ ಮತ್ತೆ! ಸಂಬಂಧ ಒಪ್ಪಿಲ್ಲ ಅಂದ್ಕೋತಾರೆ."

ಇಬ್ಬರ ನಡುವೆ ನಾಗರಾಜು ಗಾಣಕ್ಕೆ ಕೊಟ್ಟ ಕಬ್ಬಿನ ಜಲ್ಲೆಯಾದ.

ಮದ್ದೂರಿನಲ್ಲಿ ಶಿವನಂಜಮ್ಮನ ಅಣ್ಣ ಅಂಕಯ್ಯ ಹತ್ತಿದ. ಸಂಬಂಧ ತಂದವನು ಅವನೇ. ಕೈಯಲ್ಲಿ ಎಣ್ಣೆ ಕುಡಿದ ಕಾಗದದ ಪೊಟ್ಟಣ, ಒಳಗೆ ಬಿಸಿ ವಡೆ.

"ಬೇಡ ಭಾವ," ಎಂದ ನಾಗರಾಜು.

"ಸುಗರ್ರಾ?" ಡ್ರೈವರಿಗೂ ಕೇಳಿಸುವಂತೆ ಕೇಳಿದ ಅಂಕಯ್ಯ.

"ಇಲ್ಲ ಭಾವ, ಅಭ್ಯಾಸ."

"ವಡೆ ಬ್ಯಾಡ ಅನ್ನೋದು ಅಭ್ಯಾಸ ಅಲ್ಲ ಕಣಯ್ಯ, ಕಾಯ್ಲೆ. ಅಲ್ಲಿ ಮಾತ್ರ ಇಂಗನ್ಬ್ಯಾಡ. ನಮ್ ತಿಮ್ಮಯ್ಯನ ಮಗಳ ಸಂಬಂಧ ಯಾಕ್ ಮುರೀತು? ಬೀಗ್ರ ಮನೇಲಿ ಪಾಯ್ಸ ಬ್ಯಾಡ ಅಂದ. ವಂಸದಲ್ಲೇ ಸುಗರ್ ಅದೆ ಅಂದ್ಬುಟ್ರು. ಮುಗೀತು!"

ಮುಂದಿನ ಸೀಟಿನ ಹೆಂಗಸು ತಿರುಗಿ, ಬರಿಹೊಟ್ಟೆಗೆ ಬೇವಿನ ಚಿಗುರು ಅಗಿದರೆ ಸುಗರು ಹತ್ತಿರ ಸುಳಿಯುವುದಿಲ್ಲ ಎಂದಳು. ಅವಳ ಪಕ್ಕದವಳು ಹಾಗಲಕಾಯಿ ಎಂದಳು. ಬಸ್ಸಿನ ಬಾಯಿ ಮುಚ್ಚಿಸಲು ನಾಗರಾಜು ಒಂದು ವಡೆ ತಿಂದ. ರುಚಿಯಾಗಿತ್ತು. ಅದೇ ಬೇಸರ.

ಗಂಡಿನ ತಂದೆ ಪುಟ್ಟರಾಜು ಬಾಗಿಲ ತುಂಬ ನಿಂತು ಸ್ವಾಗತಿಸಿದ. ಕಣಜಕ್ಕೆ ಪಂಚೆ ಉಡಿಸಿದಂತಿದ್ದ. ಮನೆ ನೋಡಿದ್ದಾಯಿತು, ಕೊಟ್ಟಿಗೆ ನೋಡಿದ್ದಾಯಿತು. ಗಂಡಸರು ಎದುರುಬದುರಾಗಿ ಎಲೆಯ ಮುಂದೆ ಕುಳಿತರು. ಬಡಿಸಲು ಬಂದವಳು ಪುಟ್ಟರಾಜುವಿನ ತಾಯಿ ದೇವಿರಮ್ಮ. ನಾಟಿಕೋಳಿ ಸಾರಿನ ಪಕ್ಕ ತೆಂಗಿನಕಾಯಿ ಗಾತ್ರದ ಮುದ್ದೆ ಧೊಪ್ಪನೆ ಬಿತ್ತು.

ನಾಗರಾಜು ಅಭ್ಯಾಸದಂತೆ ಮೊದಲು ನೀರು ಕುಡಿದ. ಮುದ್ದೆಯನ್ನು ನಡುವೆ ಮುರಿದು, ಒಂದು ಅರ್ಧವನ್ನು ಎಲೆಯ ಅಂಚಿಗೆ ಸರಿಸಿದ. ಇನ್ನೊಂದನ್ನು ಸಾವಕಾಶವಾಗಿ ಉಂಡು ಮುಗಿಸಿ ತಲೆ ಎತ್ತಿದ.

ಎದುರಿಗೆ ಪುಟ್ಟರಾಜು ಕೈ ನಿಲ್ಲಿಸಿ ಕುಳಿತಿದ್ದ. ಅವನ ಎಲೆಯ ಅಂಚಿನಲ್ಲೂ ಅರ್ಧ ಮುದ್ದೆ. ಕಣ್ಣು ಮಾತ್ರ ನಾಗರಾಜು ಸರಿಸಿಟ್ಟ ಅರ್ಧದ ಮೇಲೆ. ಬಾಗಿಲಿಗೆ ಒರಗಿ ನಿಂತ ಪುನೀತನೂ ಅದನ್ನೇ ನೋಡುತ್ತಿದ್ದ.

ಅಯ್ಯೋ, ಎಂದುಕೊಂಡ ನಾಗರಾಜು. ನಾನು ನಿಲ್ಲಿಸಿದೆ ಅಂತ ಯಜಮಾನರೂ ನಿಲ್ಲಿಸಿಬಿಟ್ಟರು!

"ಯಾಕಪ್ಪ, ಸಾರು ಸಪ್ಪೆಯಾ?" ದೇವಿರಮ್ಮ ಬಗ್ಗಿ ಕೇಳಿದಳು.

"ಚೆನ್ನಾಗದೆ ಕಣಮ್ಮ."

"ಮತ್ಯಾಕ್ ಬುಟ್ಟೆ? ಮೈಗೆ ಉಸಾರಿಲ್ವಾ? ಕಾಯ್ಲೆ ಕಸಾಲೆ ಏನಾರಾ ಅದಾ?"

ಅಂಕಯ್ಯನ ಮೊಣಕೈ ಪಕ್ಕೆಗೆ ತಿವಿಯಿತು. ಅಡುಗೆಮನೆ ಬಾಗಿಲಲ್ಲಿ ಪುನೀತನ ತಾಯಿಯ ಪಕ್ಕ ನಿಂತಿದ್ದ ಶಿವನಂಜಮ್ಮನ ಕಣ್ಣು ಇರಿಯಿತು. ತಿಮ್ಮಯ್ಯನ ಮಗಳು ನೆನಪಾದಳು. ಅವಳ ಜಾಗದಲ್ಲಿ ದೀಪಿಕ ಕಂಡಳು.

"ಕಾಯ್ಲೆನಾ? ನಂಗಾ?" ಎಂದು ನಗುತ್ತ ನಾಗರಾಜು ಅಂಚಿನ ಅರ್ಧವನ್ನು ಎಳೆದುಕೊಂಡು ನುಂಗಿದ. ಅದು ಗಂಟಲು ದಾಟುವ ಮೊದಲೇ ಇನ್ನೊಂದು ಮುದ್ದೆ ಬಿತ್ತು. ಅದಕ್ಕೂ ಬಾಯಿ ಹಾಕಿದ.

ಪುಟ್ಟರಾಜುವಿನ ಮುಖ ಅರಳತೊಡಗಿತು. ನಾಗರಾಜು ತುತ್ತು ಎತ್ತಿದಷ್ಟೂ ಅದು ಕರೆಂಟು ಬಂದ ಬಲ್ಬಿನಂತೆ ಬೆಳಗಿತು. ಗೆಲ್ಲುತ್ತಿದ್ದೇನೆ ಎಂದುಕೊಂಡ ನಾಗರಾಜು, ಅನುಮಾನವೇ ಉಳಿಯಬಾರದೆಂದು ಮೂರನೆಯದಕ್ಕೂ ಕೈ ಚಾಚಿದ.

"ಅವ್ವಾ, ನಂಗೂ ಇಕ್ಕು!" ಪುಟ್ಟರಾಜು ನೆಲ ಕುಟ್ಟಿ ಕೂಗಿದ. "ಬೀಗ್ರು ಅಂದ್ರೆ ಇಂಗಿರ್ಬೇಕು! ಸಂಬಂಧ ಕಾಯಂ ಕಣ್ರೀ, ಕಾಯಂ!"

ಪುನೀತ್ ಹಣೆಗೆ ಕೈ ಹಚ್ಚಿಕೊಂಡು ಒಳಗೆ ಹೋದ. ಹುಡುಗನಿಗೆ ನಾಚಿಕೆ, ಎಂದುಕೊಂಡ ನಾಗರಾಜು.

ಸಂಜೆ ಬಸ್ಸಿನವರೆಗೆ ಕಳಿಸಿಕೊಡಲು ಪುನೀತನೇ ಬಂದ. ಅಂಕಯ್ಯ, ಶಿವನಂಜಮ್ಮ ಮುಂದೆ ಸಾಗಿದ್ದರು. ನಾಗರಾಜು ಹೊಟ್ಟೆಯ ಮುಂದೆ ಭತ್ತದ ಮೂಟೆ ಕಟ್ಟಿಕೊಂಡವನಂತೆ ಹಿಂದೆ ಹೆಜ್ಜೆ ಹಾಕುತ್ತಿದ್ದ.

"ಮಾವ, ಬೇಜಾರು ಮಾಡ್ಕೋಬೇಡಿ," ಎಂದ ಪುನೀತ್. "ಊಟ ಕಮ್ಮಿ ಮಾಡು ಅಂತ ಡಾಕ್ಟ್ರು ಅಪ್ಪಂಗೆ ಹೇಳಿ ಹೇಳಿ ಸಾಕಾದ್ರು. ನಮ್ ಮಾತೂ ಕೇಳಲ್ಲ. ನಿಮ್ಮ ಅರ್ಧ ಮುದ್ದೆ ವಿಷ್ಯ ದೀಪಿಕ ನಂಗೆ ಹೇಳಿದ್ಲು. ನಾನು ಅಪ್ಪಂಗೆ ಹೇಳ್ದೆ. 'ಬರ್ಲಿ, ಕಣ್ಣಾರೆ ನೋಡ್ತೀನಿ. ಆ ವಯ್ಯ ಅರ್ಧಕ್ಕೆ ಎದ್ರೆ ನಾನೂ ಇವತ್ತಿಂದ ಅರ್ಧನೇ' ಅಂತ ಬೆಳಿಗ್ಗೆ ಅಪ್ಪ ಅಮ್ಮಂಗೆ ಮಾತು ಕೊಟ್ಟಿದ್ರು."

ನಾಗರಾಜು ರಸ್ತೆಯಲ್ಲೇ ನಿಂತುಬಿಟ್ಟ. ಎಲೆಯ ಅಂಚಿನ ಆ ಇನ್ನೊಂದು ಅರ್ಧ ಮುದ್ದೆ ಕಣ್ಣ ಮುಂದೆ ಬಂತು.

"ಹಂಗಾದ್ರೆ... ಸಂಬಂಧ?"

"ಅಪ್ಪ ಒಪ್ಪಿದ್ದಾರೆ. ಅಮ್ಮಂದೇ ಒಂದು ಷರತ್ತು. ಕೆಡಿಸಿದೋರೇ ಸರಿ ಮಾಡ್ಲಿ ಅಂತಿದ್ದಾರೆ. ಪ್ರತಿ ಭಾನುವಾರ ನೀವು ಬಂದು, ಅಪ್ಪನ ಎದುರು ಕೂತು, ಅರ್ಧ ಮುದ್ದೆ ಉಂಡು ತೋರಿಸ್ಬೇಕು. ಅಪ್ಪ ಅರ್ಧಕ್ಕೆ ಇಳಿದ ಮೇಲೇ ಲಗ್ನಪತ್ರಿಕೆ."

ನಾಗರಾಜುವಿಗೆ ಉಸಿರು ಬಂತು. ಅರ್ಧ ಮುದ್ದೆ ತಾನೆ? ಅದು ಅವನಿಗೆ ಅಭ್ಯಾಸವಾದದ್ದೇ.

"ಬತ್ತೀನಪ್ಪ, ಖಂಡಿತ ಬತ್ತೀನಿ," ಎಂದ. ನಾಲ್ಕು ಹೆಜ್ಜೆ ನಡೆದ ಮೇಲೆ ಏನೋ ಹೊಳೆದು ತಿರುಗಿದ. "ಅಂದಹಾಗೆ, ಬಡಿಸೋರು ಯಾರು?"

"ಅಜ್ಜೀನೇ," ಎಂದ ಪುನೀತ್ ತಲೆ ತಗ್ಗಿಸಿ. "ಸೌಟು ಅವರು ಯಾರ ಕೈಗೂ ಕೊಡಲ್ಲ."

ಬಸ್ಸು ಬಂತು. ನಾಗರಾಜು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಬೆಲ್ಟಿನ ಹಳೆಯ ತೂತನ್ನು ಬೆರಳಲ್ಲಿ ತಡಕಿದ.