ಒಸಿ ಎತ್ತರ ಆಯ್ತು

ನಮ್ಮ ದೊಡ್ಡಪ್ಪ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಮನುಷ್ಯರ ಯೋಗಕ್ಷೇಮವನ್ನಲ್ಲ, ದಿಂಬುಗಳದ್ದು! ಕಾಲು ತೊಳೆದು, ಕೊಟ್ಟ ನೀರು ಕುಡಿದು, ಯಾರನ್ನೂ ಕೇಳದೆ ನೆಟ್ಟಗೆ ಮಲಗುವ ಕೋಣೆಗೆ ನಡೆದುಬಿಡುತ್ತಾರೆ. ದಿಂಬನ್ನು ಎತ್ತಿ ಮೂಸುತ್ತಾರೆ. ನಡುಮಧ್ಯಕ್ಕೆ ಮುಷ್ಟಿ ಒತ್ತಿ, ಕೈ ತೆಗೆದು, 'ಒಂದು, ಎರಡು, ಮೂರು' ಎಂದು ಎಣಿಸುತ್ತಾರೆ. ಮೂರರೊಳಗೆ ಗುಂಡಿ ಮುಚ್ಚಿಕೊಂಡರೆ ದಿಂಬು ಬದುಕಿದೆ, ಇಲ್ಲದಿದ್ದರೆ ಸತ್ತಿದೆ. ಆಮೇಲೆ ಹೊರಗೆ ಬಂದು ಆ ಸುದ್ದಿಯನ್ನು ಮನೆಯವರಿಗೆ ಹೇಳುವಾಗ ಅವರ ಮುಖ ನೋಡಬೇಕು, ಯಾವುದೋ ಊರಿನಿಂದ ಸಾವಿನ ಸುದ್ದಿ ಹೊತ್ತು ತಂದವರ ಹಾಗಿರುತ್ತದೆ.

ಈ ಚಟದಿಂದ ನನ್ನ ಮದುವೆಯೇ ಮುರಿದು ಬೀಳುವುದರಲ್ಲಿತ್ತು. ನಮ್ಮ ಕಡೆ ಗಂಡಿನವರು ಬಂದು ಹೆಣ್ಣು ನೋಡಿ ಒಪ್ಪಿದ ಮೇಲೆ ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿಬರುವ ಶಾಸ್ತ್ರವಿದೆ. ಹಾಗೆ ನರಸೀಪುರದ ಪಕ್ಕದ ನಮ್ಮೂರಿಂದ ಒಂದು ವ್ಯಾನು ತುಂಬ ಹಿರಿಯರು ನಂಜನಗೂಡಿಗೆ ಹೋದರು. ಉಳಿದವರು ನಡುಮನೆಯಲ್ಲಿ ಕೂತು ಹುಡುಗನ ಕೆಲಸ, ಜಮೀನು, ಕೊಳವೆಬಾವಿ ಅಂತ ವಿಚಾರಿಸುತ್ತಿದ್ದರೆ ದೊಡ್ಡಪ್ಪ ಮಾಯ! ಕಾಫಿ ಬರುವ ಹೊತ್ತಿಗೆ ಒಳಗಿನಿಂದ ಬಂದವರೇ ನಮ್ಮಪ್ಪನಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಬ್ಯಾಡ ಕಣ್ಲಾ ಈ ಸಂಬಂಧ. ಈ ಮನೇಲಿ ಐದು ದಿಂಬು ಅವೆ, ಐದೂ ಸತ್ತೋಗವೆ. ನಮ್ ಮೊಗೀನ ಕತ್ತು ಉಳಿಯಾಕಿಲ್ಲ."

ನಮ್ಮಪ್ಪ ಕೈ ಮುಗಿದು, ಕ್ಷಮೆ ಕೇಳಿ, ಹೇಗೋ ಸಂಬಂಧ ಉಳಿಸಿಕೊಂಡರು. ಆದರೆ ನಮ್ಮತ್ತೆ ಇವತ್ತಿಗೂ ದೊಡ್ಡಪ್ಪನನ್ನು ಕ್ಷಮಿಸಿಲ್ಲ. ಅವರು ಬಂದರೆ ಕಾಫಿ ಕೊಡುತ್ತಾರೆ, ಜೊತೆಗೆ ಕೋಣೆಯ ಬಾಗಿಲನ್ನೂ ಮುಂದಕ್ಕೆ ಎಳೆದುಕೊಳ್ಳುತ್ತಾರೆ! ಇದರಲ್ಲಿ ನನಗೆ ಅಸಾಧ್ಯ ಸಿಟ್ಟು ಬರಿಸುವ ಸಂಗತಿ ಯಾವುದು ಗೊತ್ತೇ? ದೊಡ್ಡಪ್ಪ ಹೇಳಿದ್ದು ನಿಜವಾಯಿತು. ಕವಲಂದೆಯ ಹೈಸ್ಕೂಲಿನಲ್ಲಿ ನಾನು ಟೀಚರ್. ದಿನಾ ಬಸ್ಸಿನ ಕುಲುಕಾಟ, ಸಂಜೆ ತಲೆ ಬಗ್ಗಿಸಿ ನೋಟ್ಸ್ ತಿದ್ದುವುದು, ಮಲಗಿದರೆ ಸತ್ತ ದಿಂಬು. ನಲವತ್ತು ತುಂಬುವುದರೊಳಗೆ ನನ್ನ ಕತ್ತು ಹಿಡಿದುಕೊಂಡಿತು. ಯಾರಾದರೂ ಕರೆದರೆ ಕತ್ತು ತಿರುಗದೆ ಇಡೀ ದೇಹವನ್ನೇ ತಿರುಗಿಸಿ 'ಏನು' ಅನ್ನಬೇಕು. ಮಕ್ಕಳು ಬೆನ್ನ ಹಿಂದೆ ನನಗೆ ಏನು ಹೆಸರಿಟ್ಟಿದ್ದಾರೋ, ತಿರುಗಿ ನೋಡುವ ಶಕ್ತಿ ನನಗಿಲ್ಲ.

ಆದರೆ ನನ್ನ ಕತ್ತಿನ ಕಥೆ ಬರುವುದು ಎರಡನೆಯದಾಗಿ. ಮೊದಲನೆಯ ಕತ್ತು ನಮ್ಮ ದೊಡ್ಡಮ್ಮನದು.

ದೊಡ್ಡಮ್ಮ ಮದುವೆಯಾಗಿ ಬಂದಾಗಿನಿಂದ ತಲೆಯ ಮೇಲೆ ಹೊರೆ ಹೊತ್ತವರು. ಹುಲ್ಲಿನ ಹೊರೆ, ಸೌದೆ ಹೊರೆ, ಗೊಬ್ಬರದ ಮಂಕರಿ. ನನಗೆ ನೆನಪಿರುವ ಹಾಗೆ ಅವರ ಕತ್ತು ನೋಯದ ದಿನವೇ ಇರಲಿಲ್ಲ. ಈ ದಿಂಬಿನ ಹುಚ್ಚು ದೊಡ್ಡಪ್ಪನಿಗೆ ಹಿಡಿದದ್ದೂ ಅದರಿಂದಲೇ. ನಮ್ಮ ಹೊಲದ ಬದುವಿನಲ್ಲಿ ಒಂದು ಬೂರುಗದ ಮರವಿದೆ. ಬೇಸಿಗೆಯಲ್ಲಿ ಕಾಯಿ ಒಡೆಯುವ ಹೊತ್ತಿಗೆ ದೊಡ್ಡಪ್ಪ ಗೋಣಿ ಹಿಡಿದು ಅದರ ಕೆಳಗೆ ಕಾವಲು ಕೂರುತ್ತಿದ್ದರು. ತಂದ ಅರಳೆಯನ್ನು ಹಿಂಜಿ, ಬೀಜ ಆರಿಸಿ, ದಿಂಬಿನ ಚೀಲಕ್ಕೆ ತಾವೇ ತುಂಬುತ್ತಿದ್ದರು. "ದಿಂಬು ಇರೋದು ತಲೆಗಲ್ಲ ಮೊಗ, ಕತ್ತಿಗೆ. ತಲೆ ಎಂಗಾರ ಬಿದ್ಕತದೆ. ಪಾಪದ್ದು ಕತ್ತು" ಅನ್ನುತ್ತಿದ್ದರು. ಅದಕ್ಕೇ ಕತ್ತಿನ ಕಡೆಗೆ ಒಂದು ಹಿಡಿ ಹೆಚ್ಚು, ತಲೆಯ ಕಡೆಗೆ ಒಂದು ಹಿಡಿ ಕಡಿಮೆ. ಬಿಸಿಲೇರಿದ ಮೇಲೆ ಒಣಗಲು ಹಾಕಬೇಕು, ನಡು ಮಧ್ಯಾಹ್ನಕ್ಕೆ ಮಗ್ಗುಲು ತಿರುಗಿಸಬೇಕು, ಬಿಸಿಲು ಇಳಿಯುವ ಮುಂಚೆ ಒಳಗೆ ತರಬೇಕು, ಇಲ್ಲದಿದ್ದರೆ ಥಂಡಿ ಕುಡಿಯುತ್ತದೆ. ಕೋಲಿನಿಂದ ಬಡಿಯಲೇ ಕೂಡದು, ಅಂಗೈಯಿಂದ ಎರಡೂ ತುದಿಗೆ ತಟ್ಟಬೇಕು. ಮನೆಯಲ್ಲಿ ಹಸುವಿಗೂ ಇಷ್ಟು ಉಪಚಾರ ಇರಲಿಲ್ಲ.

ಇಷ್ಟೆಲ್ಲ ಮಾಡಿ, ದಿಂಬನ್ನು ದೊಡ್ಡಮ್ಮನ ಕತ್ತಿನ ಕೆಳಗಿಟ್ಟು ಕೇಳುತ್ತಿದ್ದರು: "ಸರಿಯಾಯ್ತಾ?"

ದೊಡ್ಡಮ್ಮ ಕಣ್ಣು ಮುಚ್ಚಿ, ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ, "ಒಸಿ ಎತ್ತರ ಆಯ್ತು" ಅನ್ನುತ್ತಿದ್ದರು.

"ಥೂ, ನಿನ್ ಕತ್ತೇ! ಮೆಚ್ಸಾಕಾಗಾಕಿಲ್ಲ ಇದನ್ನ!" ಅಂತ ಬೈದು ದೊಡ್ಡಪ್ಪ ದಿಂಬಿನ ಬಾಯಿ ಬಿಚ್ಚಿ ಒಂದು ಹಿಡಿ ಅರಳೆ ತೆಗೆಯುತ್ತಿದ್ದರು. ಮರುವಾರ ಅವರೇ ಒಂದು ಹಿಡಿ ತುಂಬುತ್ತಿದ್ದರು. ಮತ್ತೆ "ಒಸಿ ಎತ್ತರ ಆಯ್ತು." ಗಂಡ ಹೆಂಡತಿ ಕೂತು ಬೇರೆ ಏನಾದರೂ ಮಾತಾಡಿದ್ದನ್ನು ನಾನು ಕಂಡಿಲ್ಲ. ಅಷ್ಟು ವರ್ಷದಲ್ಲಿ ಒಂದು ದಿನವಾದರೂ ದೊಡ್ಡಮ್ಮ 'ಸರಿಯಾಯ್ತು' ಅಂದಿದ್ದರೆ ಈ ಮನುಷ್ಯ ಎದೆಯೊಡೆದೇ ಸಾಯುತ್ತಿದ್ದರೋ ಏನೋ!

ಹೋದ ವರ್ಷದ ಹಿಂದಿನ ವರ್ಷ ದೊಡ್ಡಮ್ಮನ ನೋವು ದಿಂಬಿಗೆ ಬಗ್ಗಲಿಲ್ಲ. ಕೈ ಜೋಮು ಹಿಡಿಯಿತು. ಮೈಸೂರಿಗೆ ಕರೆದುಕೊಂಡು ಹೋದೆವು. ಫೋಟೊ ತೆಗೆಸಿ ನೋಡಿದರೆ ಕತ್ತಿನ ಮೂಳೆಗೆ ಕ್ಯಾನ್ಸರ್ ಇಳಿದಿತ್ತು. ನಾವು ಮುಲಾಮು ತಿಕ್ಕುತ್ತಾ ಕೂತಿದ್ದೆವು, ಅದು ಒಳಗೇ ಮೂಳೆ ತಿನ್ನುತ್ತಾ ಕೂತಿತ್ತು. ಡಾಕ್ಟರು ಹೆಚ್ಚು ದಿನವಿಲ್ಲ ಎಂದು ಹೇಳುವಾಗ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಸಾ, ಮನೆಯಿಂದ ದಿಂಬು ತರಬೋದಾ?"

ವಾರ್ಡಿನಲ್ಲಿದ್ದದ್ದು ರೆಕ್ಸಿನ್ ದಿಂಬು. ಮುಷ್ಟಿ ಒತ್ತಿದರೆ ತಗ್ಗುವುದೇ ಇಲ್ಲ. "ಇದು ದಿಂಬಲ್ಲ, ಹಲಗೆ" ಎಂದು ತೀರ್ಪು ಕೊಟ್ಟು ನರಸೀಪುರದ ಬಸ್ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಬೂರುಗದ ದಿಂಬನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ವಾಪಸ್ ಬಂದರು. ಸುಮ್ಮನಿರುತ್ತಾರೆಯೇ? ಪಕ್ಕದ ಹಾಸಿಗೆಯ ಅಜ್ಜಿಯ ದಿಂಬು ಒತ್ತಿ ನೋಡಿದರು, ಆಮೇಲೆ ಅದರ ಪಕ್ಕದ್ದು. ಮೂರನೆಯ ದಿನ ನಾನು ಹೋದಾಗ ಆಸ್ಪತ್ರೆಯ ಜಗುಲಿಯ ಬಿಸಿಲಿನಲ್ಲಿ ರೋಗಿಗಳು ಮನೆಯಿಂದ ತರಿಸಿಕೊಂಡ ಏಳೆಂಟು ದಿಂಬು ಸಾಲಾಗಿ ಮಲಗಿದ್ದವು, ನಡುವೆ ದೊಡ್ಡಪ್ಪ ಕೂತಿದ್ದರು! ನರ್ಸಮ್ಮ ಬೈಯಲು ಬಂದವಳು ತನ್ನ ಕತ್ತು ನೋವನ್ನೇ ಹೇಳಿಕೊಂಡು ನಿಂತಿದ್ದಳು. ಆ ವಾರ್ಡಿನಲ್ಲಿ ವಾಸಿಯಾಗಿ ಮನೆಗೆ ಹೋದವರು ಕಡಿಮೆ, ಆದರೆ ಹೋಗುವವರೆಗೆ ಸುಖವಾಗಿ ಮಲಗಿದ್ದರು.

ದೊಡ್ಡಮ್ಮನಿಗೆ ಆಸ್ಪತ್ರೆಯ ವಾಸನೆ ಆಗುತ್ತಿರಲಿಲ್ಲ. ದಿಂಬಿನೊಳಗೆ ಲಾವಂಚದ ಬೇರು ಇಡಿ ಎಂದರು. "ಅರಳೆಗೆ ಮಣ್ಣಾಯ್ತದೆ, ಆಗಾಕಿಲ್ಲ" ಎಂದು ದೊಡ್ಡಪ್ಪ ಖಂಡಿತವಾಗಿ ಹೇಳಿದರು. ಮಾರನೆಯ ದಿನ ದೊಡ್ಡಮ್ಮನ ಹಳೆಯ ಹಸಿರು ಸೀರೆಯ ಸೆರಗು ಹರಿದು, ಅದರಲ್ಲಿ ಬೇರನ್ನು ಗಂಟು ಕಟ್ಟಿ, ಅರಳೆಯ ನಡುವೆ ಇಟ್ಟು ಹೊಲಿದರು. "ಸರಿಯಾಯ್ತಾ?" ಎಂದು ಕೇಳಿದರು. ದೊಡ್ಡಮ್ಮನಿಗೆ ಆಗ ತಲೆ ಹೊರಳಿಸಲು ಆಗುತ್ತಿರಲಿಲ್ಲ. ಆದರೂ ಬಾಯಿ ಬಿಟ್ಟು ಅಂದರು, "ಒಸಿ ಎತ್ತರ."

ಮನೆಗೆ ಕರೆತಂದ ಹದಿನೈದನೆಯ ದಿನ ದೊಡ್ಡಮ್ಮ ಹೋದರು.

ಹೆಣ ಜಗುಲಿಯಲ್ಲಿತ್ತು. ನೆಂಟರು ಬರುತ್ತಿದ್ದರು. ದೊಡ್ಡಪ್ಪ ಕಾಣಲಿಲ್ಲ. ಕೊಟ್ಟಿಗೆ, ಬಾವಿ ಎಲ್ಲ ಹುಡುಕಿದರು. ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಮೈಯೆಲ್ಲ ಅರಳೆ ಮಾಡಿಕೊಂಡು, ಸೂಜಿ ದಾರ ಹಿಡಿದು ದಿಂಬು ಹೊಲಿಯುತ್ತಾ ಕೂತಿದ್ದರು! "ಎಂಡ್ತಿ ಎಣ ಆಚೆ ಅದೆ, ಇವ್ನು ದಿಂಬು ಹೊಲೀತಾವ್ನೆ. ತಲೆ ಕೆಟ್ಟೋಯ್ತು ಕಣ್ಲಾ" ಎಂದು ದೇವನೂರಿನಿಂದ ಬಂದಿದ್ದ ದೊಡ್ಡಮ್ಮನ ಅಣ್ಣ ಹಣೆ ಚಚ್ಚಿಕೊಂಡರು. ನನಗೂ ಸಿಟ್ಟು ಬಂತು. ಇವತ್ತಾದರೂ ಬಿಡಬಾರದಿತ್ತೇ ಎನ್ನಿಸಿತು.

ಸತ್ತವರ ಚಾಪೆ, ದಿಂಬು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಮಣ್ಣಿಗೆ ಹೋಗುವ ದಾರಿಯಲ್ಲಿ ಎಸೆಯುತ್ತಾರೆ. ಚಾಪೆ ಎಸೆದರು. ದಿಂಬನ್ನು ಮಾತ್ರ ದೊಡ್ಡಪ್ಪ ಕೊಡಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡು ನಡೆದರು. ನಮ್ಮ ಹೊಲದಲ್ಲೇ, ಬೂರುಗದ ಮರದ ಹತ್ತಿರ ಗುಂಡಿ ತೆಗೆದಿದ್ದರು. ದೊಡ್ಡಮ್ಮನನ್ನು ಇಳಿಸಿದ ಮೇಲೆ ಇವರೂ ಗುಂಡಿಗೆ ಇಳಿದೇಬಿಟ್ಟರು! ಹಿರಿಯರು "ಇಂಗೆಲ್ಲ ಪದ್ಧತಿ ಇಲ್ಲ, ಬಾರಯ್ಯ ಮ್ಯಾಕೆ" ಎಂದು ಕೂಗಿದರು. ದೊಡ್ಡಪ್ಪ ದೊಡ್ಡಮ್ಮನ ತಲೆ ಎತ್ತಿ, ದಿಂಬನ್ನು ಕತ್ತಿನ ಕೆಳಗೆ ಸರಿಯಾಗಿ ಕೂರಿಸಿ, ಬಗ್ಗಿ ಕೇಳಿದರು: "ಸರಿಯಾಯ್ತಾ?"

ದೊಡ್ಡಪ್ಪ ಕಾದರು. ಕೊನೆಗೆ ನಮ್ಮ ಕಡೆ ತಲೆಯೆತ್ತಿ, ದೂರು ಹೇಳುವವರ ಹಾಗೆ, "ಒಸಿ ಎತ್ತರ ಆಯ್ತು ಅಂತಾಳೆ" ಎಂದರು. ಹೊಲಿಗೆಯನ್ನು ಹಲ್ಲಿನಿಂದ ಕಿತ್ತು, ಒಂದು ಹಿಡಿ ಅರಳೆ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಯಾರೋ ಕಿಸಕ್ಕೆಂದು ನಕ್ಕರು. ಅದು ನಾನೇ. ನಕ್ಕವಳು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ.

ಅದಾದ ನಾಲ್ಕು ತಿಂಗಳಿಗೆ ನನ್ನ ಕತ್ತಿಗೆ ಪಟ್ಟಿ ಬಂತು. ನನ್ನ ಗಂಡ ಪಾಪ, ಆನ್‌ಲೈನಿನಲ್ಲಿ ದುಬಾರಿ ಫೋಮ್ ದಿಂಬು ತರಿಸಿದರು. ತಲೆಯ ಆಕಾರವನ್ನು ಅದು ನೆನಪಿಟ್ಟುಕೊಳ್ಳುತ್ತದಂತೆ. ನೋಡಲು ಬಂದ ದೊಡ್ಡಪ್ಪ ಮುಷ್ಟಿ ಒತ್ತಿದರು. ಗುಂಡಿ ಬಿದ್ದದ್ದು ನಿಧಾನಕ್ಕೆ, ಬಲು ನಿಧಾನಕ್ಕೆ ಮೇಲೆದ್ದಿತು. ಎಣಿಕೆ ಹನ್ನೊಂದಕ್ಕೆ ಹೋಯಿತು. "ನೆನಪಿಟ್ಕೊಳ್ಳೋದು ದಿಂಬಿನ ಕೆಲ್ಸ ಅಲ್ಲ ಮೊಗ. ಬೆಳಿಗ್ಗೆ ಎದ್ದು ತಟ್ಟಿದ್ರೆ ಅದು ಎಲ್ಲಾನೂ ಮರೀಬೇಕು" ಎಂದು ಎದ್ದು ಹೋದರು. ಮುಂದಿನ ಭಾನುವಾರ ಹೊಸ ಚೀಲ ಹೊಲಿಸಿದ ಒಂದು ಬೂರುಗದ ದಿಂಬನ್ನು ತಂದು ಕೊಟ್ಟರು. ನಾನು ನಿಜವನ್ನೇ ಹೇಳಬೇಕು, ಒಂದೇ ವಾರದಲ್ಲಿ ನನ್ನ ಕತ್ತು ಬಲಕ್ಕೆ ತಿರುಗಿತು, ಎರಡನೆಯ ವಾರ ಎಡಕ್ಕೂ ತಿರುಗಿತು. ನಮ್ಮತ್ತೆಯೇ ಒಂದು ದಿನ ಕದ್ದು ಅದರ ಮೇಲೆ ಮಲಗಿ ಮಧ್ಯಾಹ್ನ ಪೂರ್ತಿ ಗೊರಕೆ ಹೊಡೆದರು!

ದೊಡ್ಡಮ್ಮನ ವರ್ಷದ ಎಡೆಗೆ ಊರಿಗೆ ಹೋದಾಗ ದೊಡ್ಡಪ್ಪನ ಮಂಚದ ಮೇಲೆ ದಿಂಬೇ ಇರಲಿಲ್ಲ. ಒಂದು ಟವೆಲ್ ಮಡಿಸಿ ಇಟ್ಟಿತ್ತು. "ದಿಂಬಿನ ಡಾಕ್ಟ್ರಿಗೇ ದಿಂಬಿಲ್ವಾ?" ಎಂದು ರೇಗಿಸಿದೆ. "ನಂಗೇನು ಕತ್ತು ನೋವಾ?" ಎಂದು ಗದರಿಸಿದರು. ನಾನು ನಕ್ಕುಬಿಟ್ಟೆ.

ಕಳೆದ ಬೇಸಿಗೆ ರಜೆಯಲ್ಲಿ ಬುದ್ಧಿವಂತಿಕೆ ತೋರಿಸಲು ನಾನೇ ತಾರಸಿಯ ಮೇಲೆ ಕೂತು ದಿಂಬಿನ ಬಾಯಿ ಬಿಚ್ಚಿ ಅರಳೆ ಹಿಂಜತೊಡಗಿದೆ. ಕೈಗೆ ಏನೋ ಗಂಟು ಸಿಕ್ಕಿತು. ಹಸಿರು ಸೀರೆಯ ಸೆರಗಿನ ತುಂಡು, ಒಳಗೆ ಲಾವಂಚ.

ಸತ್ತವರ ದಿಂಬಿನ ಮೇಲೆ ಇಷ್ಟು ದಿನ ಮಲಗಿದ್ದೇನೆ! ಅತ್ತೆಗೆ ತಿಳಿದರೆ ದಿಂಬಿನ ಜೊತೆ ನನ್ನನ್ನೂ ಮನೆಯಿಂದ ಆಚೆ ಎಸೆದಾರು. ಅದೇ ಭಾನುವಾರ ದೊಡ್ಡಪ್ಪ ಎಂದಿನಂತೆ ದಿಂಬು ನೋಡಲು ಬಂದರು. ತಾರಸಿಗೆ ಕರೆದುಕೊಂಡು ಹೋಗಿ ಗಂಟನ್ನು ಅವರ ಅಂಗೈಯಲ್ಲಿಟ್ಟೆ. "ಇದು ದೊಡ್ಡಮ್ಮನ ಜೊತೆ ಮಣ್ಣಿಗೆ ಹೋಗಿತ್ತಲ್ವಾ?"

ದೊಡ್ಡಪ್ಪ ಗಂಟನ್ನು ಮೂಸಿದರು. "ಅವ್ಳ ಅರಳೇನ ವರ್ಸಾನ್ಗಟ್ಲೆ ಇಂಜಿ ಇಂಜಿ ಮೆತ್ತಗೆ ಮಾಡಿದ್ದೆ ಮೊಗ. ಮಣ್ಣಿಗೆ ಹಾಕಾಕೆ ಮನಸ್ ಬರ್ಲಿಲ್ಲ. ಅಂಗಂತ ಕತ್ತು ನೋಯೋಳ್ನ ಬರೀ ನೆಲದ ಮ್ಯಾಲೆ ಮಲಗ್ಸಾಕಾಯ್ತದಾ? ನನ್ ದಿಂಬಿನ ಅರಳೆ ತುಂಬಿ ಕಳುಸ್ದೆ. ಅವ್ಳದ್ದು ನೋವಿರೋರ್ಗೆ ಸೇರ್ಲಿ ಅಂತ ನಿಂಗೆ ತಂದೆ." ಆಮೇಲೆ ನನ್ನ ಮುಖ ನೋಡದೆ ಕೇಳಿದರು, "ಎಸೆದ್ಬುಡ್ತೀಯಾ?"

ಅವರ ಮಂಚದ ಮೇಲಿನ ಮಡಿಸಿದ ಟವೆಲ್ ನನ್ನ ಕಣ್ಣ ಮುಂದೆ ಬಂತು. ಆ ರೇಗಿಸಿದ ಮಾತಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ. ನಾನು ಅರಳೆಯನ್ನೂ ಗಂಟನ್ನೂ ಅವರ ಮುಂದೆ ಸರಿಸಿದೆ. ಅವರು ತುಂಬಿದರು, ಹೊಲಿದರು, ತಟ್ಟಿದರು. ಬಿಸಿ ತಾರಸಿಯ ಮೇಲೆ ಚಾಪೆ ಹಾಸಿ ನಾನು ಮಲಗಿದೆ. ದಿಂಬನ್ನು ಕತ್ತಿನ ಕೆಳಗೆ ಕೂರಿಸಿ ಕೇಳಿದರು: "ಸರಿಯಾಯ್ತಾ?"

ಸರಿಯಾಗಿತ್ತು. ಅದಕ್ಕಿಂತ ಸರಿಯಾಗಿ ಪ್ರಪಂಚದಲ್ಲಿ ಯಾವ ದಿಂಬೂ ಇರಲಾರದು. ನಾನು ಕಣ್ಣು ಮುಚ್ಚಿ, ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ, "ಒಸಿ ಎತ್ತರ ಆಯ್ತು ದೊಡ್ಡಪ್ಪ" ಎಂದೆ.

ದೊಡ್ಡಪ್ಪ ನನ್ನ ಕತ್ತಿನ ಕೆಳಗಿಂದ ದಿಂಬನ್ನು ಎಳೆದುಕೊಂಡರು. "ಥೂ, ನಿನ್ ಕತ್ತೇ!" ಎಂದರು, "ಮೆಚ್ಸಾಕಾಗಾಕಿಲ್ಲ ಇದನ್ನ!" ಎಂದು ಬೈದು ಒಂದು ಹಿಡಿ ಅರಳೆ ತೆಗೆದರು. ಅದನ್ನು ಎಸೆಯಲು ಮನಸ್ಸಿಲ್ಲದೆ ಕೈಚೀಲಕ್ಕೆ ಹಾಕಿಕೊಂಡರು.

ಈಗ ಅವರು ತಿಂಗಳಿಗೊಮ್ಮೆ ಬರುತ್ತಾರೆ, ತಿಂಗಳಿಗೊಮ್ಮೆ ನಾನು ಸುಳ್ಳು ಹೇಳುತ್ತೇನೆ, ಒಂದು ಹಿಡಿ ಅರಳೆ ಅವರ ಕೈಚೀಲ ಸೇರುತ್ತದೆ. ನನ್ನ ದಿಂಬು ತೆಳ್ಳಗಾಗಿದೆ, ಬೆಳಿಗ್ಗೆ ಎದ್ದರೆ ಕತ್ತು ಮತ್ತೆ ಸ್ವಲ್ಪ ಹಿಡಿಯುತ್ತದೆ. ಮೊನ್ನೆ ಊರಿಗೆ ಹೋದಾಗ ದೊಡ್ಡಪ್ಪನ ಮಂಚದ ಮೇಲೆ, ಟವೆಲಿನ ಕೆಳಗೆ, ತೆಂಗಿನಕಾಯಿ ಗಾತ್ರದ ಒಂದು ಸಣ್ಣ ಬಟ್ಟೆಯ ಗಂಟಿತ್ತು. ಯಾರೂ ಇಲ್ಲದ್ದು ನೋಡಿ ಮುಷ್ಟಿ ಒತ್ತಿದೆ. ಎರಡು ಎಣಿಸುವುದರೊಳಗೆ ಎದ್ದು ನಿಂತಿತು. ಅದು ದಿಂಬಾಗಲು ಇನ್ನೂ ಆರೇಳು ತಿಂಗಳು ಬೇಕು, ಅಷ್ಟು ದಿನ ನನ್ನ ಕತ್ತು ನೋಯಲಿ ಬಿಡಿ.