ಎರಡು ಹನಿ ಔಡಲ ಎಣ್ಣೆ

ಜಮಖಂಡಿಯ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಹೇಳುವವನು. ದ್ರವಗಳ ಪಾಠ ಬಂತೆಂದರೆ ನನ್ನ ಮರ್ಯಾದೆಗೆ ಕುತ್ತು ಬಂತೆಂದೇ ಲೆಕ್ಕ. ಒಂದು ವರ್ಷವೂ ತಪ್ಪಿದ್ದಿಲ್ಲ. ಆದರೂ ಆ ಪಾಠವೆಂದರೆ ನನಗೆ ಪ್ರಾಣ. ಒಂದು ಹನಿ ನೀರು ದುಂಡಗೆ ನಿಂತದ್ದು ಕಂಡರೆ ಈಗಲೂ ಬೆರಗಾಗಿ ನಿಂತುಬಿಡುತ್ತೇನೆ.

೧. ತುಂಬಿದ ಗ್ಲಾಸು

ಅಂಚಿನವರೆಗೆ ನೀರು ತುಂಬಿದ ಗ್ಲಾಸನ್ನು ಮೇಜಿನ ಮೇಲಿಟ್ಟು ಕೇಳಿದೆ: "ಇದರಾಗ ಎಷ್ಟ ಗುಂಡುಸೂಜಿ ಹಿಡೀತಾವು, ಹೇಳ್ರಿ?"

"ಒಂದ ಹಾಕಿದ್ರೂ ಚೆಲ್ಲತೈತ್ರಿ ಸರ," ಎಂದಳು ಮುಂದಿನ ಬೆಂಚಿನ ಹುಡುಗಿ.

ಒಂದೊಂದೇ ಬಿಡುತ್ತ ಹೋದೆ. ಡಬ್ಬಿ ಮುಗಿಯಿತು. ನೀರು ಅಂಚಿಗಿಂತ ಮೇಲೆ ಉಬ್ಬಿ ನಿಂತಿತೇ ಹೊರತು ಒಂದು ಹನಿಯೂ ಕೆಳಗಿಳಿಯಲಿಲ್ಲ. ಅಣುಗಳು ಒಂದನ್ನೊಂದು ಹಿಡಿದುಕೊಂಡ ಪರಿ ಅದು! ಹುಡುಗರೆಲ್ಲ ಬೆಂಚು ಬಿಟ್ಟು ಮೇಜಿನ ಸುತ್ತ ನೆರೆದರು. ಇನ್ನಷ್ಟು ಸೂಜಿ ತರಲು ಸಿಪಾಯಿಯನ್ನು ಆಫೀಸಿಗೆ ಓಡಿಸಿದೆ. ಎರಡು ಸಲ ಮುಷ್ಟಿ ತುಂಬ ತಂದ. ಎಲ್ಲಿಂದ ಕಿತ್ತು ತಂದೆ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ಮೂರನೆಯ ಸಲ ಬಂದವರು ಪ್ರಿನ್ಸಿಪಾಲರು.

"ನಿಮ್ಮ ನೀರು ಚೆಲ್ಲಲಿಲ್ಲ ಖರೆ. ಆಫೀಸಿನ ಕಾಗದ ಎಲ್ಲಾ ಚೆಲ್ಲಾಪಿಲ್ಲಿ ಆಗ್ಯಾವ ನೋಡ್ರಿ!"

೨. ಸೋರುವ ಬಕೀಟು

ನನ್ನ ಮನೆ ಬನಹಟ್ಟಿಯಲ್ಲಿ. ಮುಂಜಾನೆ ತುಂಬಿಟ್ಟ ಬಕೀಟು ಸಂಜೆ ಬರುವಷ್ಟರಲ್ಲಿ ಅರ್ಧ ಖಾಲಿ. ರಿಪೇರಿಯವನ ಹತ್ತಿರ ಒಯ್ದೆ. "ತೂತ ಇಲ್ರಿ" ಅಂದ. ಮರುದಿನವೂ ಅದೇ ಕಥೆ, ಮತ್ತೆ ಒಯ್ದೆ. ಮೂರನೆಯ ಸಲ ಒಯ್ಯಲೆಂದು ಬಕೀಟಿಗೆ ಕೈಹಾಕಿದಾಗ ಪಕ್ಕದ ಮನೆಯ ನೇಕಾರ ಕಾಕಾ ತಡೆದು, ಬಕೀಟಿನ ಅಂಚಿಗೆ ನಾನು ದಿನಾ ನೇತುಹಾಕುತ್ತಿದ್ದ ಟಾವೆಲ್ ತೋರಿಸಿದರು. ಒಂದು ತುದಿ ನೀರಿನಲ್ಲಿ, ಇನ್ನೊಂದು ಹೊರಗೆ. ನೀರು ನೂಲು ಹಿಡಿದು ಮೇಲೇರಿ, ಅಂಚು ದಾಟಿ, ಹನಿಹನಿಯಾಗಿ ಮೋರಿ ಸೇರುತ್ತಿತ್ತು. ಆ ವಾರವೇ ನಾನು ಬೋರ್ಡಿನ ಮೇಲೆ ಬಿಡಿಸಿದ ಚಿತ್ರ ಅದು!

"ಬಕೀಟ್ ಛಲೋ ಐತ್ರಿ ಸರ," ಎಂದರು ಕಾಕಾ. "ಟಾವೆಲ್ ರಿಪೇರಿಗೆ ಒಯ್ರಿ."

೩. ಉಕ್ಕಿದ ಕೊಪ್ಪರಿಗೆ

ಬೆಲ್ಲ ಮಾಡುವುದನ್ನು ತೋರಿಸಲು ವಿದ್ಯಾರ್ಥಿಗಳನ್ನು ಮುಧೋಳದ ಕಡೆಯ ಒಂದು ಗಾಣದ ಮನೆಗೆ ಕರೆದೊಯ್ದಿದ್ದೆ. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಇದ್ದಕ್ಕಿದ್ದಂತೆ ನೊರೆ ಅಂಚಿನ ತನಕ ಎದ್ದಿತು. ಉಕ್ಕಿದರೆ ಗಾಣ ನಡೆಸುವ ಅಜ್ಜಿಯ ಇಡೀ ದಿನದ ದುಡಿಮೆ ಒಲೆಯ ಪಾಲು. "ಬೆಂಕಿ ತೆಗೀರಿ! ನೀರ ಹಾಕ್ರಿ!" ಎಂದು ಕೂಗಿದವನು ನಾನೊಬ್ಬನೇ. ಅಜ್ಜಿ ನಿಧಾನಕ್ಕೆ ಎದ್ದು ಬಂದು ಎರಡು ಹನಿ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಬಿಟ್ಟಳು. ಬೆಟ್ಟದಂಥ ನೊರೆ ಕಣ್ಣೆದುರೇ ಕುಸಿಯಿತು. ನನ್ನ ಮೈ ಜುಮ್ಮೆಂದಿತು. ಅಷ್ಟು ದೊಡ್ಡ ಕೊಪ್ಪರಿಗೆಗೆ ಎರಡೇ ಹನಿ!

ವಿದ್ಯಾರ್ಥಿಗಳೆಲ್ಲ ಅಜ್ಜಿಯನ್ನು ಸುತ್ತುವರಿದರು. ಹೋದ ಮಾನ ತಿರುಗಿ ತರಬೇಕಲ್ಲ, ನಾನು ಗಂಟಲು ಸರಿಮಾಡಿಕೊಂಡೆ. ಗುಳ್ಳೆಯ ತೆಳು ಪೊರೆ, ಅದನ್ನು ಬಿಗಿಹಿಡಿದ ಅಣುಗಳು, ನಡುವೆ ನುಗ್ಗಿ ಪೊರೆಯನ್ನು ಹರಿದುಹಾಕುವ ಎಣ್ಣೆ, ಎಲ್ಲವನ್ನೂ ವಿವರಿಸುತ್ತ ಮೈಮರೆತೆ. ಹುಡುಗರು ಬರೆದುಕೊಂಡರು. ಅಜ್ಜಿಯೂ ಕೈಕಟ್ಟಿ ಕೇಳಿದಳು. ಹಿಂದಿನಿಂದ ಬುಸ್ಸೆಂದು ಸದ್ದು ಬಂತು. ತಿರುಗಿದರೆ ನೊರೆ ಮತ್ತೆ ಅಂಚಿಗೆ ಬಂದಿದೆ. ನನ್ನ ವಿವರಣೆ ಇನ್ನೂ ಮುಗಿದಿಲ್ಲ.

ಅಜ್ಜಿ ಎಣ್ಣೆಯ ಬಟ್ಟಲನ್ನು ನನ್ನ ಕೈಗೆ ತುರುಕಿದಳು.

"ಮಾಸ್ತರ್ರ, ಹುಡುಗ್ರಿಗೆ ತಿಳೀತು, ನನಗೂ ತಿಳೀತು. ನೊರಿಗೆ ಇನ್ನೂ ತಿಳಿದಿಲ್ರಿ, ಮೊದಲ ಎಣ್ಣಿ ಹಾಕ್ರಿ!"